ಹತ್ತು ವರ್ಷದ ಹುಡುಗನಿಗೆ ಏನು ಗೊತ್ತಿತ್ತು?

ಇವತ್ತಿನ ಕಥೆ ಶುರುವಾಗೋದು 1993ರ ನವೆಂಬರ್‌ನಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್ ಕೋರ್ಟಿನಲ್ಲಿ. ಅಲ್ಲಿ ಕಟಕಟೆಯ ನೆಲವನ್ನ ಎತ್ತರಿಸಿದ್ರು. ಯಾಕಂದ್ರೆ ಆರೋಪಿಗಳಿಗೆ ಹೊರಗೆ ಕಾಣಬೇಕಿತ್ತು. 2 ವರ್ಷದ ಮಗುವನ್ನ ಕೊಂದಾಗ ಆ ಇಬ್ಬರು ಹುಡುಗರಿಗೆ ಬರೀ 10 ವರ್ಷ.

ಆಗ ಅಲ್ಲೊಂದು ಹಳೇ ನಿಯಮ ಇತ್ತು, 'ಡೋಲಿ ಇನ್‌ಕ್ಯಾಪಾಕ್ಸ್' ಅಂತ. 10ರಿಂದ 14ರೊಳಗಿನ ಮಗುವಿಗೆ ಅಪರಾಧದ ಅರಿವಿಲ್ಲ ಅಂತಲೇ ಕೋರ್ಟ್ ಭಾವಿಸಬೇಕು. ಇದು ಬರೀ ತುಂಟತನ ಅಲ್ಲ, ಘೋರ ತಪ್ಪು ಅಂತ ಮಗುವಿಗೆ ಗೊತ್ತಿತ್ತು ಅನ್ನೋದನ್ನ ಸರ್ಕಾರಿ ವಕೀಲರು ಸಾಬೀತು ಮಾಡಬೇಕು. ಇಲ್ಲಿ ಸಾಬೀತಾಯ್ತು, ಶಿಕ್ಷೆಯೂ ಆಯ್ತು. ಆದ್ರೂ 1998ರಲ್ಲಿ ಪಾರ್ಲಿಮೆಂಟ್ ಆ ನಿಯಮವನ್ನೇ ಕಿತ್ತುಹಾಕ್ತು. 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟ್, ಆ ಮಕ್ಕಳಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಅಂತು.

ಇಂಥದ್ದೇ ನಿಯಮವನ್ನ ಬ್ರಿಟಿಷರು 1860ರಲ್ಲೇ ನಮ್ಮ ಐಪಿಸಿಯಲ್ಲಿ ಬರೆದಿದ್ರು. 7ರೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. 7ರಿಂದ 12ರೊಳಗಿದ್ರೆ, ತಾನು ಮಾಡಿದ್ದರ ಪರಿಣಾಮ ತಿಳಿಯೋಷ್ಟು ಬುದ್ಧಿ ಬಲಿತಿತ್ತಾ ಅಂತ ನೋಡಬೇಕು. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ನಿಯಮ ಮಾತ್ರ ಸೆಕ್ಷನ್ 20, 21 ಆಗಿ ಉಳೀತು.

ಸಿಟ್ಟು ಇಲ್ಲೂ ಕಾನೂನು ಬದಲಿಸಿದೆ. 2012ರ ದಿಲ್ಲಿ ಪ್ರಕರಣದ ನಂತರ ಬಂದ 2015ರ ಕಾಯ್ದೆಯಲ್ಲಿ, ಘೋರ ಅಪರಾಧ ಆದ್ರೆ 16 ದಾಟಿದವರನ್ನ ವಯಸ್ಕರ ಥರ ವಿಚಾರಣೆ ಮಾಡಬಹುದು. ಅದಕ್ಕೂ ಮೊದಲು ಬಾಲನ್ಯಾಯ ಮಂಡಳಿ ನೋಡಬೇಕಾದ್ದು ಅದೇ: ಪರಿಣಾಮ ಅವನಿಗೆ ಅರ್ಥವಾಗ್ತಿತ್ತಾ?

ಮುಂದಿನ ಸಲ ಇಂಥ ಸುದ್ದಿ ಫೋನಿಗೆ ಬಂದಾಗ, ಕಾಮೆಂಟ್ ಹಾಕೋ ಮುಂಚೆ ನಾವೂ ಈ ಪ್ರಶ್ನೆ ಕೇಳ್ಕೊಳ್ಳೋಣ.