ಮಗ್ಗಕ್ಕೆ ಗೊತ್ತಿಲ್ಲದ ಚಿತ್ತಾರ

ಯುಪಿಐ ಕಾಲದಲ್ಲೂ ನಿಮ್ಮ ಪರ್ಸಿನಲ್ಲಿ ನೂರರ ನೋಟು ಒಂದಾದರೂ ಉಳಿದಿದ್ದರೆ ತಿರುಗಿಸಿ ನೋಡಿ. 2018ರಲ್ಲಿ ಬಂದ ತಿಳಿನೇರಳೆ ನೋಟಿನ ಹಿಂಬದಿಯಲ್ಲಿರೋದು ಗುಜರಾತಿನ ಪಾಟಣದ ‘ರಾಣಿ ಕಿ ವಾವ್’, 11ನೇ ಶತಮಾನದ ಮೆಟ್ಟಿಲುಬಾವಿ. ಅದೇ ಊರಿನಲ್ಲಿ ನೋಟಿನ ಮೇಲೆ ಬರದ ಇನ್ನೊಂದು ಹಳೆಯ ಸಂಗತಿ ಇದೆ: ಪಟೋಲ ಎಂಬ ರೇಷ್ಮೆ ನೇಯ್ಗೆ. ಸೀರೆ, ದುಪಟ್ಟಾ, ಹೆಗಲ ಮೇಲೆ ಹಾಕಿಕೊಳ್ಳೋ ಶಲ್ಯ, ಯಾವುದೇ ಇರಲಿ, ಎರಡೂ ಬದಿಯಲ್ಲಿ ಒಂದೇ ಚಿತ್ತಾರ. ಒಳಗು ಯಾವುದು, ಹೊರಗು ಯಾವುದು ಅಂತ ಹೇಳೋಕಾಗಲ್ಲ.

ಸಾಮಾನ್ಯವಾಗಿ ಚಿತ್ತಾರದ ಬಟ್ಟೆ ಅಂದರೆ ಚಿತ್ತಾರ ಮಗ್ಗದಲ್ಲಿರುತ್ತೆ. ನಮ್ಮ ಗುಳೇದಗುಡ್ಡದ ಖಣವನ್ನೇ ತಗೊಳ್ಳಿ. ಯಾವ ಸಲ ಯಾವ ಎಳೆ ಮೇಲೇಳಬೇಕು ಅನ್ನೋದನ್ನ ಮಗ್ಗಕ್ಕೆ ಮೊದಲೇ ಕಟ್ಟಿಟ್ಟಿರುತ್ತಾರೆ. ನೇಕಾರ ಲಾಳಿ ಓಡಿಸಿದಂತೆ ಹೂವು ಮೂಡುತ್ತಾ ಹೋಗುತ್ತೆ. ಪಟೋಲದ ಮಗ್ಗಕ್ಕೆ ಮಾತ್ರ ಚಿತ್ತಾರದ ಗಂಧಗಾಳಿಯೂ ಇಲ್ಲ. ಅದು ಮರ, ಬಿದಿರಿನ ಸರಳ ಮಗ್ಗ. ಎಡಬದಿ ತಗ್ಗು, ಬಲಬದಿ ಎತ್ತರ, ಇಬ್ಬರು ಕೂತು ಕೈಯಿಂದಲೇ ನಡೆಸಬೇಕು. ನೇಯುವುದು ಬರೀ ಸಾದಾ ನೇಯ್ಗೆ, ಒಂದು ಎಳೆ ಮೇಲೆ, ಒಂದು ಕೆಳಗೆ.

ಹಾಗಾದರೆ ಆನೆ, ಗಿಳಿ, ಹೂವು ಎಲ್ಲಿಂದ ಬಂದವು? ನೂಲಿನಿಂದ. ನೇಯುವ ಮೊದಲೇ ಹಾಸಿನ ಎಳೆಗಳನ್ನೂ ಹೊಕ್ಕಿನ ಎಳೆಗಳನ್ನೂ ಲೆಕ್ಕ ಹಾಕಿ ಅಲ್ಲಲ್ಲಿ ಹತ್ತಿ ದಾರದಿಂದ ಬಿಗಿಯಾಗಿ ಕಟ್ಟುತ್ತಾರೆ. ಬಣ್ಣದಲ್ಲಿ ಅದ್ದಿದರೆ ಕಟ್ಟಿದ ಜಾಗಕ್ಕೆ ಬಣ್ಣ ಹಿಡಿಯಲ್ಲ. ಆಮೇಲೆ ಕೆಲವು ಗಂಟು ಬಿಚ್ಚಿ, ಬೇರೆ ಕಡೆ ಕಟ್ಟಿ, ಮುಂದಿನ ಬಣ್ಣ. ಪ್ರತಿ ಬಣ್ಣಕ್ಕೂ ಇದೇ ಪಾಡು. ಕೊನೆಗೆ ಮಗ್ಗದ ಮೇಲೆ ಹಾಸಿನ ಕೆಂಪು ಚುಕ್ಕೆಯ ಮೇಲೆ ಹೊಕ್ಕಿನ ಕೆಂಪು ಚುಕ್ಕೆಯೇ ಬಂದು ಕೂರಬೇಕು. ಒಂದು ಕೂದಲೆಳೆ ಆಚೀಚೆ ಆದರೂ ಆನೆಯ ಸೊಂಡಿಲು ಮಸುಕು. ಅದಕ್ಕೇ ಒಂದಷ್ಟು ಇಂಚು ನೇಯ್ದ ಮೇಲೆ ಬಿಗಿ ಸಡಿಲಿಸಿ, ಸೂಜಿಯಿಂದ ಒಂದೊಂದೇ ಎಳೆ ಸರಿಪಡಿಸುತ್ತಾರೆ.

ಇಬ್ಬರು ಸೇರಿ ದಿನಕ್ಕೆ ನೇಯುವುದು ಸುಮಾರು 8-9 ಇಂಚು. ಲೆಕ್ಕ ಹಾಕಿ: ಐದೂವರೆ ಮೀಟರಿನ ಸೀರೆಗೆ ಹೆಚ್ಚುಕಮ್ಮಿ 25 ದಿನ, ಎರಡು ಮೀಟರಿನ ಶಲ್ಯಕ್ಕೆ 9-10 ದಿನ. ಆದರೆ ಒಂದು ಸೀರೆ ಮುಗಿಯೋಕೆ ನಾಲ್ಕರಿಂದ ಆರು ತಿಂಗಳು ಬೇಕು. ಅಂದರೆ ಸಿಂಹಪಾಲು ಸಮಯ ಹೋಗೋದು ಕಟ್ಟೋದರಲ್ಲಿ, ಬಿಚ್ಚೋದರಲ್ಲಿ, ಬಣ್ಣ ಹಾಕೋದರಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಾರ್ಡ್‌ವೇರ್ ತೀರಾ ಬೇಸಿಕ್, ಇರೋದೆಲ್ಲಾ ಡಿಸೈನ್. ಆ ಡಿಸೈನ್ ಇರೋದು ಮನುಷ್ಯರ ತಲೆಯಲ್ಲಿ.

ಆ ತಲೆಗಳು ಸಾಲ್ವಿ ಮನೆತನದವರದು. ಅವರು ಪಾಟಣಕ್ಕೆ ಬಂದ ಬಗ್ಗೆ ಒಂದು ಐತಿಹ್ಯ ಇದೆ. 12ನೇ ಶತಮಾನದ ಸೋಲಂಕಿ ದೊರೆ ಕುಮಾರಪಾಲ ಪೂಜೆಗೆ ದಿನಾ ಹೊಸ ಪಟೋಲವನ್ನೇ ಉಡುತ್ತಿದ್ದನಂತೆ. ಬಟ್ಟೆ ಬರುತ್ತಿದ್ದದ್ದು ಜಾಲ್ನಾದಿಂದ. ಅಲ್ಲಿನ ರಾಜ ಅದನ್ನ ಮೊದಲು ತನ್ನ ಹಾಸಿಗೆಗೆ ಹಾಸಿ, ಆಮೇಲೆ ಮಾರುತ್ತಿದ್ದಾನೆ ಅಂತ ಗೊತ್ತಾಯಿತು! ಹೊಸದು ಅಂತ ಆರ್ಡರ್ ಮಾಡಿದವನಿಗೆ ಸೆಕೆಂಡ್ ಹ್ಯಾಂಡ್ ಡೆಲಿವರಿ. ಸಿಟ್ಟಾದ ಕುಮಾರಪಾಲ 700 ನೇಕಾರ ಕುಟುಂಬಗಳನ್ನೇ ಪಾಟಣಕ್ಕೆ ತಂದು ನೆಲೆಗೊಳಿಸಿದನಂತೆ. ಆ ಕುಟುಂಬಗಳು ಮಹಾರಾಷ್ಟ್ರ ಮತ್ತು ಕರ್ನಾಟಕದ ಕಡೆಯವು ಅಂತ ಪಾಟಣದಲ್ಲಿ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಮಾಲಿಗಿಂತ ಮಾಲು ಮಾಡೋ ಕೈ ಮುಖ್ಯ ಅನ್ನೋ ತಿಳಿವಳಿಕೆ ಅದರಲ್ಲಿದೆ.

ಮುಂದೆ ಈ ಬಟ್ಟೆ ಹಡಗು ಹತ್ತಿತು. ಇಂಡೋನೇಷ್ಯಾದ ದ್ವೀಪಗಳಲ್ಲಿ ಲವಂಗ, ಜಾಯಿಕಾಯಿ ಕೊಳ್ಳೋಕೆ ನಾಣ್ಯಕ್ಕಿಂತ ಭಾರತದ ಬಟ್ಟೆಗೇ ಬೆಲೆ ಇತ್ತು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿನ ದೊರೆಗಳನ್ನು ಒಲಿಸಿಕೊಳ್ಳೋಕೆ ಪಟೋಲವನ್ನು ಉಡುಗೊರೆಯಾಗಿ ಕೊಡುತ್ತಿತ್ತು. ಜಾವಾದ ಅರಮನೆಗಳಲ್ಲಿ ಅದು ಅಂತಸ್ತಿನ ಗುರುತು. ಹಲವು ದ್ವೀಪಗಳಲ್ಲಿ ತಲೆಮಾರುಗಳಿಂದ ಕಾಪಿಟ್ಟ ಪವಿತ್ರ ವಸ್ತು. ಪಟೋಲದ ಹೂವಿನ ಬುಟ್ಟಿಯ ವಿನ್ಯಾಸ ಜಾವಾದ ಬಾಟಿಕ್‌ನಲ್ಲಿ ‘ಜಲಂಪ್ರಾಂಗ್’ ಎಂಬ ಹೆಸರಲ್ಲಿ ಇವತ್ತಿಗೂ ಇದೆ.

ಹೀಗೆ ಊರಾಚೆ, ಕಡಲಾಚೆ ಹೋಗಿದ್ದು ಬಟ್ಟೆ ಮಾತ್ರ, ವಿದ್ಯೆ ಮನೆ ದಾಟಲಿಲ್ಲ. ಬಹುಕಾಲ ಸಾಲ್ವಿಗಳಲ್ಲಿ ಗಂಡುಮಕ್ಕಳಿಗೆ, ಸೊಸೆಯಂದಿರಿಗೆ ಕಲಿಸುವ ರೂಢಿ ಇತ್ತು. ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲ, ಮದುವೆಯ ಜೊತೆ ಗುಟ್ಟೂ ಬೇರೆ ಮನೆ ಸೇರುತ್ತದಲ್ಲಾ ಅಂತ. ಪೇಟೆ ದೊಡ್ಡದಿದ್ದಾಗ ಇದು ಜಾಣತನವಾಗೇ ಕಂಡಿರಬೇಕು. ಆದರೆ ಎರಡನೇ ಮಹಾಯುದ್ಧದ ಹೊತ್ತಿಗೆ ಆಗ್ನೇಯ ಏಷ್ಯಾದ ಪೇಟೆ ಮುಚ್ಚಿಹೋಯಿತು. ಆರು ತಿಂಗಳ ಕೆಲಸಕ್ಕೆ ಗಿರಾಕಿ ಇಲ್ಲದಿದ್ದರೆ ಮಗ ಮಗ್ಗಕ್ಕೆ ಯಾಕೆ ಕೂರುತ್ತಾನೆ? ಮಗ ಬಿಟ್ಟರೆ ಹಿಡಿಯೋಕೆ ಮನೆಯಾಚೆ ಇನ್ನೊಬ್ಬ ಇಲ್ಲ. ಐತಿಹ್ಯದ 700 ಕುಟುಂಬಗಳ ಊರಿನಲ್ಲಿ ಇವತ್ತು ಪಟೋಲ ನೇಯುವ ಸಾಲ್ವಿ ಮನೆಗಳು ಬೆರಳೆಣಿಕೆಯಷ್ಟು.

ಸಾಫ್ಟ್‌ವೇರಿನವರು ‘ಬಸ್ ಫ್ಯಾಕ್ಟರ್’ ಅಂತೀವಲ್ಲ, ಟೀಮಿನ ಎಷ್ಟು ಜನ ಬಸ್ಸಿಗೆ ಸಿಕ್ಕರೆ ಪ್ರಾಜೆಕ್ಟ್ ನಿಂತುಹೋಗುತ್ತೆ ಅನ್ನೋ ಲೆಕ್ಕ, ಪಟೋಲದ ವಿಷಯದಲ್ಲಿ ಅದು ಹೆದರಿಕೆ ಹುಟ್ಟಿಸುವಷ್ಟು ಸಣ್ಣದು.

ಇದಕ್ಕೆ ಎದುರಾದ ದಾರಿ ಅದೇ ಗುಜರಾತಿನ ರಾಜಕೋಟೆಯಲ್ಲಿದೆ. ಗಾಂಧೀಜಿಯ ಪ್ರೇರಣೆಯಿಂದ 1921ರಲ್ಲಿ ಶುರುವಾದ ಅಲ್ಲಿನ ರಾಷ್ಟ್ರೀಯ ಶಾಲಾ ಮುಂದೆ ಪಟೋಲ ನೇಯ್ಗೆಯ ತರಬೇತಿ ಕೊಟ್ಟಿತು, ಸಾಲ್ವಿಗಳಲ್ಲದವರಿಗೂ. ಕಲಿತವರು ಇನ್ನೊಬ್ಬರಿಗೆ ಕಲಿಸಿದರು. ಇವತ್ತು ರಾಜಕೋಟೆ, ಸುರೇಂದ್ರನಗರದ ಕಡೆ ಊರೂರಲ್ಲಿ ಮಗ್ಗಗಳಿವೆ. ಆದರೆ ಅಲ್ಲಿ ಹೆಚ್ಚಾಗಿ ಕಟ್ಟಿ ಬಣ್ಣ ಹಾಕೋದು ಹೊಕ್ಕಿನ ಎಳೆಗೆ ಮಾತ್ರ, ಹಾಸು ಒಂದೇ ಬಣ್ಣದ್ದು. ಹಾಗಾಗಿ ಎಳೆಗೆ ಎಳೆ ಕೂಡಿಸೋ ಕಷ್ಟ ಇಲ್ಲ, ಬೆಲೆಯೂ ಬಹಳ ಕಡಿಮೆ. ಪಾಟಣದ ಬಟ್ಟೆಯಲ್ಲಿ ಕೆಂಪಿನ ಮೇಲೆ ಕೆಂಪು ಕೂತು ಬಣ್ಣ ಗಾಢವಾಗಿರುತ್ತೆ. ಇಲ್ಲಿ ಹೊಕ್ಕಿನ ಬಣ್ಣಕ್ಕೆ ಹಾಸಿನ ಬಣ್ಣ ಬೆರೆತು ಸ್ವಲ್ಪ ತಿಳಿಯಾಗುತ್ತೆ. ಅಂಗಡಿಯಲ್ಲಿ ಎರಡಕ್ಕೂ ಪಟೋಲ ಅಂತಲೇ ಹೆಸರು, ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ.

ಯಾವುದು ಸರಿ? ಪಾಟಣದವರು ಗುಟ್ಟು ಕಾದರು, ಕಸುಬು ಪೂರ್ತಿಯಾಗಿ ಉಳಿಯಿತು, ಆದರೆ ಉಳಿಸಿದವರೇ ಕರಗಿದರು. ರಾಜಕೋಟೆಯವರು ಬಾಗಿಲು ತೆರೆದರು, ಎಷ್ಟೋ ಮನೆಗಳಿಗೆ ಅನ್ನ ಸಿಕ್ಕಿತು, ಆದರೆ ಕಷ್ಟದ ಅರ್ಧ ಕೈಬಿಟ್ಟುಹೋಯಿತು. ನನಗನಿಸೋದು ಇಷ್ಟು: ಅರ್ಧ ಬಂದವರಿಗೆ ಉಳಿದರ್ಧ ಕಲಿಸಬಹುದು, ಕಲಿಸೋಕೆ ಬಲ್ಲವರು ಬದುಕಿರೋವರೆಗೆ. ಬಲ್ಲವರೇ ಇಲ್ಲವಾದ ಮೇಲೆ ಮ್ಯೂಸಿಯಮ್ಮಿನ ಗಾಜಿನೊಳಗಿನ ಪಟೋಲ ನೋಡಿ ಯಾವ ಗಂಟು ಮೊದಲು ಬಿಚ್ಚಿದರು ಅಂತ ಕಂಡುಹಿಡಿಯೋದು ಬಲು ಕಷ್ಟ. ಮಗ್ಗವನ್ನು ಕೇಳಿದರೆ ಅದೂ ಹೇಳಲ್ಲ. ಅದಕ್ಕೆ ಯಾವತ್ತೂ ಗೊತ್ತಿರಲೇ ಇಲ್ಲವಲ್ಲ.