ಕರುಹಟ್ಟಿಯೂ ದೊಡ್ಡರೋಗವೂ

ಚಿತ್ರದುರ್ಗದ ಚರಿತ್ರೆಯೆಂದೊಡನೆ ವಾಚಕರ ಮನಸ್ಸಿಗೆ ಬರುವುದು ಏಳುಸುತ್ತಿನ ಕೋಟೆ, ಪಾಳೆಯಗಾರರ ಶೌರ್ಯ, 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದ ಸಂಗತಿ. ಆದರೆ ಮಳೆಯನ್ನು ನಂಬಲಾಗದ ಈ ಸೀಮೆಯಲ್ಲಿ ಜನರ ಬಾಳು ಕೋಟೆಗಿಂತಲೂ ಕೊಟ್ಟಿಗೆಯನ್ನೇ ಹೆಚ್ಚಾಗಿ ಆಶ್ರಯಿಸಿತ್ತು. ಹಿರಿಯೂರು, ಹೊಸದುರ್ಗಗಳ ಕಡೆಯ ಕಾಡುಗೊಲ್ಲರ ಹಟ್ಟಿಗಳನ್ನೂ ಅವುಗಳ ಮುಳ್ಳುಬೇಲಿಯ ರೊಪ್ಪಗಳನ್ನೂ ಕಂಡವರಿಗೆ ಇದು ಹೊಸ ಮಾತಲ್ಲ. ಆದುದರಿಂದ ಕರುವಿನ ರಕ್ಷಣೆಯ ಕಥೆಯೂ ನಮ್ಮ ಚರಿತ್ರೆಯ ಭಾಗವೇ ಸರಿ.

ಮೈಸೂರು ಅರಸರ ಗೋಸಮೂಹಕ್ಕೆ ಪೂರ್ವದಲ್ಲಿ 'ಕರುಹಟ್ಟಿ'ಯೆಂಬ ಹೆಸರಿತ್ತು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅದು 'ಬೆಣ್ಣೆ ಚಾವಡಿ'ಯಾಯಿತು. ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎನಿಸಿತು. ಮಳೆಗಾಲ, ಚಳಿಗಾಲ, ಬೇಸಗೆಗಳಿಗೆ ಬೇರೆ ಬೇರೆ ಕಾವಲುಗಳನ್ನು ಮೀಸಲಿಟ್ಟು, ಹುಲ್ಲು ನೀರುಗಳಿದ್ದ ಕಡೆಗೆ ಹಿಂಡುಗಳನ್ನು ಸಾಗಿಸುತ್ತಿದ್ದರು. ಅಂತಹ ಕಾವಲುಗಳು ನಮ್ಮ ಜಿಲ್ಲೆಯಲ್ಲಿಯೂ ಉಂಟು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಎಮ್ಮಿಗನೂರು ಈ ತಳಿಯ ಸಂವರ್ಧನೆಗೆ ಹೆಸರಾದ ಸ್ಥಳ.

ಆದರೆ ಈ ಏರ್ಪಾಟುಗಳೊಂದೂ ದೊಡ್ಡರೋಗದ ಮುಂದೆ ನಿಲ್ಲಲಾರದೆ ಹೋದುವು. ಜ್ವರ, ಬಾಯಿಹುಣ್ಣು, ಭೇದಿಗಳಿಂದ ದನವು ಕೆಲವೇ ದಿನಗಳಲ್ಲಿ ನೆಲಕ್ಕೊರಗುತ್ತಿತ್ತು. ಸಂತೆ ಜಾತ್ರೆಗಳಲ್ಲಿ ದನಗಳು ಒಂದೆಡೆ ಸೇರಿದಾಗ ರೋಗವೂ ಊರಿಂದೂರಿಗೆ ಹಬ್ಬುತ್ತಿತ್ತು. ಜನರು ಮಾರಿಗೆ ಹರಕೆ ಹೊತ್ತರು. ಅನ್ಯ ಮಾರ್ಗವು ಅವರಿಗಿರಲಿಲ್ಲ.

1925ರಲ್ಲಿ ಮೈಸೂರು ಸರಕಾರವು ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ರೋಗವನ್ನು ಎದುರಿಸುವ ಶಕ್ತಿಯುಳ್ಳ ದನದ ರಕ್ತದಿಂದ ತೆಗೆದ ಸೀರಂ ಸ್ವಲ್ಪ ಕಾಲ ಮಾತ್ರ ರಕ್ಷಣೆ ಕೊಡುತ್ತಿತ್ತು. ಅದೇ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ರೋಗದ ವಿಷಾಣುವನ್ನು ಆಡುಗಳ ದೇಹದಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆಯನ್ನು ಕುಂದಿಸಿ, ದೀರ್ಘಕಾಲ ಕಾಯುವ ಲಸಿಕೆಯನ್ನು ಪಡೆದನು. 1954ರಲ್ಲಿ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯವು ಆರಂಭವಾಯಿತು. 1995ರ ತರುವಾಯ ಭಾರತದಲ್ಲಿ ಆ ರೋಗವು ಕಾಣಿಸಿಕೊಳ್ಳಲಿಲ್ಲ; 2011ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಹಾಗೆಂದು ಕರುವಿನ ಅಪಾಯ ತೀರಿತೆಂದು ತಿಳಿಯಲಾಗದು. ಕಾಲುಬಾಯಿ ಜ್ವರ, ಕಂದುರೋಗ, ಗಳಲೆ, ಚಪ್ಪೆರೋಗಗಳು ಇನ್ನೂ ಉಳಿದಿವೆ. ಲಸಿಕೆ ಪಡೆದ ತಾಯಿಯ ರೋಗನಿರೋಧಕ ಸತ್ತ್ವವು ಗರ್ಭದಲ್ಲಿ ಕರುವಿಗೆ ಇಳಿಯುವುದಿಲ್ಲ. ಅದು ಗಿಣ್ಣುಹಾಲಿನ ಮೂಲಕವೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿಯೂ ಕರುವಿಗೆ ಮೊದಲ ದಿನದೊಳಗೇ ಕುಂದುತ್ತದೆ. ಆದಕಾರಣ ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಕರುವು ಹೊಟ್ಟೆತುಂಬ ಗಿಣ್ಣು ಕುಡಿಯಬೇಕು. ಬೆಲ್ಲ, ಏಲಕ್ಕಿ ಬೆರೆಸಿದ ನಮ್ಮ ಗಿಣ್ಣಿನ ಸವಿ ಆಮೇಲಿನ ಮಾತು. ನಾಲ್ಕನೆಯ ತಿಂಗಳಿನಲ್ಲಿ ಕಾಲುಬಾಯಿ ಜ್ವರದ ಲಸಿಕೆಯನ್ನೂ, ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಕಂದುರೋಗದ ಲಸಿಕೆಯನ್ನೂ ಹಾಕಿಸತಕ್ಕದ್ದು.

ಅರಸರ ಗೋಸಮೂಹವು ಮೂರು ಹೆಸರುಗಳನ್ನು ಪಡೆದರೂ ಮೊದಲನೆಯದು ಕರುವಿನದೇ ಆಗಿತ್ತು. ಹಟ್ಟಿಯ ಏಳಿಗೆ ಕರುವಿನಿಂದಲೇ ಮೊದಲಾಗುತ್ತದೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಆ ಅರಿವಿಗೆ ಲಸಿಕೆಯ ಬಲವನ್ನು ಕೂಡಿಸುವುದು ನಮ್ಮ ಪಾಲಿನ ಕೆಲಸ.