ಪ್ಯಾರಿಸ್ಸಿನ ಪಾಠ, ನ್ಯೂಯಾರ್ಕಿನ ಟ್ಯಾಕ್ಸಿ

ಇಪ್ಪತ್ತನೇ ಶತಮಾನದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಂಯೋಜಕನಾಗಲು ಹೊರಟ ಎಷ್ಟೋ ಅಮೆರಿಕನ್ನರು ಹುಡುಕಿಕೊಂಡು ಹೋಗುತ್ತಿದ್ದದ್ದು ಪ್ಯಾರಿಸ್ಸಿನ ಒಂದು ಮನೆಯನ್ನು. ಅಲ್ಲಿ ನಾದಿಯಾ ಬುಲಾಂಜೆ ಪಾಠ ಹೇಳುತ್ತಿದ್ದರು. 1921ರಲ್ಲಿ ಆರನ್ ಕೋಪ್ಲೆಂಡ್ ಅವರ ಶಿಷ್ಯರಾದರು. 1954ರಲ್ಲಿ ಅರ್ಜೆಂಟೀನಾದಿಂದ ಬಂದ ಆಸ್ಟರ್ ಪಿಯಾಜೊಲ್ಲಾ ಟ್ಯಾಂಗೊ ನುಡಿಸಿ ತೋರಿಸಿದಾಗ, ನಿನ್ನ ದಾರಿ ಇದೇ, ಬಿಡಬೇಡ ಎಂದು ಬೆನ್ನು ತಟ್ಟಿದವರೂ ಆಕೆಯೇ.

1964ರಲ್ಲಿ ಬಂದ ಫಿಲಿಪ್ ಗ್ಲಾಸ್ ಆಗಲೇ ನ್ಯೂಯಾರ್ಕಿನ ಜೂಲಿಯಾರ್ಡ್‌ನಲ್ಲಿ ಓದು ಮುಗಿಸಿದ್ದರು. ಬುಲಾಂಜೆ ಅವರನ್ನು ಮತ್ತೆ ಮೊದಲ ಪಾಠಕ್ಕೇ ಕೂರಿಸಿದರು. ಆ ಶಿಸ್ತು ಕೈಗೆ ಹತ್ತಿತು. ಆದರೆ ಗ್ಲಾಸ್‌ಗೆ ತಮ್ಮದೇ ದನಿ ಸಿಕ್ಕಿದ್ದು ತರಗತಿಯ ಹೊರಗೆ. ಒಂದು ಸಿನಿಮಾಕ್ಕಾಗಿ ರವಿಶಂಕರ್ ಅವರ ಸಂಗೀತವನ್ನು ಪ್ಯಾರಿಸ್ಸಿನ ವಾದ್ಯಗಾರರಿಗೆ ಓದಲು ಬರುವಂತೆ ಬರೆದುಕೊಡುವ ಕೆಲಸ ಅವರ ಪಾಲಿಗೆ ಬಂತು. ನುಡಿಸಿದಾಗಲೆಲ್ಲ ತಬಲಾದ ಅಲ್ಲಾ ರಖಾ ತಡೆಯುತ್ತಿದ್ದರು: ಒತ್ತು ತಪ್ಪಿದೆ, ಎಲ್ಲ ಸ್ವರಕ್ಕೂ ಒಂದೇ ತೂಕ. ಕೊನೆಗೆ ಗ್ಲಾಸ್ ಸಾಲನ್ನು ತುಂಡರಿಸುವ ಗೆರೆಗಳನ್ನೆಲ್ಲ ಅಳಿಸಿದರು. ಆಗ ಕಂಡಿತು, ಸುತ್ತಿ ಸುತ್ತಿ ಬರುವ ತಾಳದ ಆವರ್ತ. ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತಿರುವ ಸಂಗತಿ ಅವರ ಇಡೀ ಬರವಣಿಗೆಯ ದಿಕ್ಕನ್ನೇ ತಿರುಗಿಸಿತು.

ಹೊಸ ದನಿಗೆ ಕೂಲಿ ಸಿಗುವುದು ತಡ. 1976ರ ನವೆಂಬರಿನಲ್ಲಿ ಗ್ಲಾಸ್ ಅವರ ಒಪೆರಾ 'ಐನ್‌ಸ್ಟೈನ್ ಆನ್ ದ ಬೀಚ್' ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಭವನವನ್ನು ತುಂಬಿಸಿತು, ಜೊತೆಗೆ ಸಾಲವನ್ನೂ ಹೊರಿಸಿತು. ಗ್ಲಾಸ್ ಮತ್ತೆ ಟ್ಯಾಕ್ಸಿ ಓಡಿಸಿದರು. ಅದಕ್ಕೂ ಮೊದಲು ನಲ್ಲಿ ರಿಪೇರಿಯ ಕೆಲಸವನ್ನೂ ಮಾಡಿದ್ದರು. ಗಾಂಧೀಜಿಯ ಮೇಲಿನ, ಭಗವದ್ಗೀತೆಯ ಸಂಸ್ಕೃತದಲ್ಲೇ ಹಾಡುವ 'ಸತ್ಯಾಗ್ರಹ' ಒಪೆರಾಕ್ಕೆ ನೆದರ್ಲೆಂಡ್ಸ್‌ನಿಂದ ಕರೆ ಬಂದ ಮೇಲೆಯೇ ಸಂಗೀತ ಅವರ ಹೊಟ್ಟೆ ಹೊರೆಯತೊಡಗಿದ್ದು. ಆಗ ಅವರ ವಯಸ್ಸು ನಲವತ್ತು ದಾಟಿತ್ತು.

ಅವರ ಸಮಕಾಲೀನ ಸ್ಟೀವ್ ರೈಕ್ ಕೂಡ ಟ್ಯಾಕ್ಸಿ ಓಡಿಸಿದವರೇ. ಬೀದಿ ಪ್ರವಚನಕಾರನ ದನಿಮುದ್ರಿಕೆಯಿಂದ 1965ರಲ್ಲಿ ಕೃತಿ ಕಟ್ಟಿದರು, 1970ರಲ್ಲಿ ಘಾನಾಕ್ಕೆ ಹೋಗಿ ಡೋಲು ಕಲಿತರು. ಸೋವಿಯತ್ ಆಳ್ವಿಕೆಯ ಎಸ್ಟೋನಿಯಾದಲ್ಲಿ ಆರ್ವೊ ಪ್ಯಾರ್ಟ್ ಓದುತ್ತಲೇ ರೇಡಿಯೊದಲ್ಲಿ ಧ್ವನಿ ತಂತ್ರಜ್ಞರಾಗಿದ್ದರು.

ಈಗ ಚಿತ್ರ ಬದಲಾಗಿದೆ, ಸಂಯೋಜಕರು ವಿಶ್ವವಿದ್ಯಾಲಯಗಳಿಂದ ಬರುತ್ತಿದ್ದಾರೆ. ಕ್ಯಾರೊಲಿನ್ ಶಾ ರೈಸ್ ಮತ್ತು ಯೇಲ್‌ನಲ್ಲಿ ಕಲಿತದ್ದು ವಯೊಲಿನ್. ಪ್ರಿನ್ಸ್‌ಟನ್‌ನಲ್ಲಿ ಸಂಯೋಜನೆಯ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗಲೇ, 2013ರಲ್ಲಿ, ಎಂಟು ದನಿಗಳ 'ಪಾರ್ಟಿಟಾ'ಕ್ಕೆ ಪುಲಿಟ್ಜರ್ ಬಂತು. ಸಂಗೀತ ವಿಭಾಗದಲ್ಲಿ ಅದನ್ನು ಪಡೆದ ಅತ್ಯಂತ ಕಿರಿಯರು ಅವರು. ಭಾರತೀಯ ಮೂಲದ ರೀನಾ ಇಸ್ಮಾಯಿಲ್ ಜೂಲಿಯಾರ್ಡ್, ಯೇಲ್‌ಗಳ ಓದಿನ ಜೊತೆಗೆ ಫುಲ್‌ಬ್ರೈಟ್ ವೇತನದ ಮೇಲೆ ಭಾರತಕ್ಕೆ ಬಂದು ಹಿಂದೂಸ್ತಾನಿ ಕಲಿತರು.

ಪದವಿ ಎಷ್ಟೇ ದೊಡ್ಡದಿರಲಿ, ಇವರಲ್ಲಿ ಹಲವರನ್ನು ಉಳಿಸಿದ್ದು ತಾವೇ ನಿಂತು ನುಡಿಸಿದ ತಂಡಗಳು. ಗ್ಲಾಸ್ 1968ರಲ್ಲಿ ತಮ್ಮದೇ ತಂಡ ಕಟ್ಟಿದರು. ಶಾ 'ಪಾರ್ಟಿಟಾ' ಬರೆದದ್ದು ತಾವೇ ಹಾಡುತ್ತಿದ್ದ 'ರೂಮ್‌ಫುಲ್ ಆಫ್ ಟೀತ್' ತಂಡಕ್ಕೆ. ತಾಳ ಹಾಕುತ್ತ ಬೆಳೆದ ಕನ್ನಡದ ಕೇಳುಗರು ಈ ಸಂಗೀತಕ್ಕೆ ಹೊಸಬರಾದರೆ 'ಸತ್ಯಾಗ್ರಹ'ದಿಂದ ಶುರುಮಾಡಲಿ.